ಮಗಳನ್ನು ಯಾವ ಹೈಸ್ಕೂಲಿಗೆ ಸೇರಿಸೋಣ, ಡಾಕ್ಟರೇ?

ಏಳನೇ ತರಗತಿಯ ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂತೆಂದರೆ ನಮ್ಮ ಮೂಡಿಗೆರೆ, ಕಳಸ ಭಾಗದ ಅನೇಕ ಮನೆಗಳಲ್ಲಿ ಒಂದೇ ಚರ್ಚೆ. ಮಗಳನ್ನು ಮುಂದೆ ಎಲ್ಲಿ ಓದಿಸುವುದು? ಮಗನ ವಿಷಯದಲ್ಲಿ ಈ ಪ್ರಶ್ನೆ ಇಷ್ಟು ದೊಡ್ಡದಾಗುವುದಿಲ್ಲ. ಅವನು ಬಸ್ಸಿಗೆ ನೇತಾಡಿಕೊಂಡಾದರೂ ಹೋಗಿ ಬರುತ್ತಾನೆ ಎಂಬುದು ತಂದೆ ತಾಯಿಯರ ಧೈರ್ಯ. ಹೇಮಾವತಿ ಹುಟ್ಟುವ ಜಾವಳಿಯ ಸುತ್ತಮುತ್ತ, ಕಾಫಿ ತೋಟಗಳ ಒಳಗಿನ ಒಂಟಿ ಮನೆಯಿಂದಲೋ ಎಸ್ಟೇಟ್ ಲೈನಿನಿಂದಲೋ ಮಗಳು ಹೈಸ್ಕೂಲಿಗೆ ಹೋಗಬೇಕಾದರೆ ಕಾಡುದಾರಿ ನಡೆಯಬೇಕು, ಕಾಲುಸಂಕ ದಾಟಬೇಕು, ಬಸ್ಸಿಗೆ ಕಾಯಬೇಕು. ಆಷಾಢದ ಮಳೆಯಲ್ಲಿ ಇದೆಲ್ಲ ಎರಡು ಪಟ್ಟು ಕಷ್ಟ.

ಜ್ವರ, ಕೆಮ್ಮು ಎಂದು ಬಂದ ತಾಯಂದಿರು ಔಷಧಿ ಚೀಟಿ ಪಡೆದು ಏಳುವಾಗ ಕೇಳುತ್ತಾರೆ, "ಕಾನ್ವೆಂಟಿಗೆ ಹಾಕೋಣವೇ ಡಾಕ್ಟರೇ? ಅಲ್ಲಿ ಬರೀ ಹುಡುಗಿಯರೇ ಇರ್ತಾರಂತೆ." ಇದು ಶಿಕ್ಷಕರನ್ನು ಕೇಳಬೇಕಾದ ಪ್ರಶ್ನೆಯಲ್ಲವೇ ಎಂದು ನಿಮಗೆ ಅನಿಸಬಹುದು. ಆದರೆ ಹನ್ನೆರಡರಿಂದ ಹದಿನಾರು ವರ್ಷದೊಳಗೆ ಹುಡುಗಿ ಎಲ್ಲಿ, ಹೇಗೆ ಓದುತ್ತಾಳೆ ಎಂಬುದು ಅವಳ ಮುಂದಿನ ಐವತ್ತು ವರ್ಷಗಳ ಆರೋಗ್ಯಕ್ಕೆ ಸಂಬಂಧಿಸಿದ ವಿಷಯ. ಆದ್ದರಿಂದ ಈ ವಾರ ಅದನ್ನೇ ಚರ್ಚಿಸೋಣ.

ಓದಿಗೂ ಆರೋಗ್ಯಕ್ಕೂ ಏನು ಸಂಬಂಧ?

ಓದಿದ ತಾಯಿಯ ಮಗು ಬದುಕುಳಿಯುವ ಸಾಧ್ಯತೆ ಹೆಚ್ಚು. ಇದು ಕೇವಲ ಭಾಷಣದ ಮಾತಲ್ಲ. 175 ದೇಶಗಳ ಅಂಕಿ ಅಂಶಗಳನ್ನು ಪರಿಶೀಲಿಸಿದ ಒಂದು ಅಧ್ಯಯನ 2010ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 1970ರಿಂದ 2009ರ ನಡುವೆ ಐದು ವರ್ಷದೊಳಗಿನ ಮಕ್ಕಳ ಸಾವಿನಲ್ಲಿ ಆದ ಇಳಿಕೆಯ ಸುಮಾರು ಅರ್ಧಭಾಗಕ್ಕೆ ಹೆಣ್ಣುಮಕ್ಕಳ ವಿದ್ಯಾಭ್ಯಾಸ ಹೆಚ್ಚಿದ್ದೇ ಕಾರಣ ಎಂದು ಅದು ಲೆಕ್ಕ ಹಾಕಿತು. ಅದೇ ಪತ್ರಿಕೆಯಲ್ಲಿ 2021ರಲ್ಲಿ ಬಂದ ಇನ್ನೊಂದು ವಿಶ್ಲೇಷಣೆಯ ಪ್ರಕಾರ, ಶಾಲೆಗೇ ಹೋಗದ ತಾಯಿಯ ಮಕ್ಕಳಿಗೆ ಹೋಲಿಸಿದರೆ 12 ವರ್ಷ ಓದಿದ ತಾಯಿಯ ಮಕ್ಕಳಲ್ಲಿ ಈ ಸಾವಿನ ಅಪಾಯ ಶೇಕಡ 31ರಷ್ಟು ಕಡಿಮೆ.

ಕಾರಣ ಸರಳ. ಓದಿದ ಹುಡುಗಿ ಔಷಧಿಯ ಮೇಲಿನ ಬರಹ ಓದುತ್ತಾಳೆ. ಲಸಿಕೆಯ ದಿನ ನೆನಪಿಟ್ಟುಕೊಳ್ಳುತ್ತಾಳೆ. ಮಗುವಿಗೆ ಭೇದಿಯಾದಾಗ ನೀರು ನಿಲ್ಲಿಸದೆ ಉಪ್ಪು ಸಕ್ಕರೆಯ ದ್ರಾವಣ ಕುಡಿಸುತ್ತಾಳೆ. ಎಲ್ಲಕ್ಕಿಂತ ಮುಖ್ಯವಾಗಿ, ಶಾಲೆಯಲ್ಲಿರುವ ಹುಡುಗಿಗೆ ಬೇಗ ಮದುವೆಯಾಗುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 20ರಿಂದ 24 ವರ್ಷದ ಮಹಿಳೆಯರಲ್ಲಿ ಐವರಿಗೊಬ್ಬರಿಗಿಂತ ಹೆಚ್ಚು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಇನ್ನೂ ಬೆಳೆಯುತ್ತಿರುವ ದೇಹ ಗರ್ಭ ಧರಿಸಿದರೆ ರಕ್ತದೊತ್ತಡ ಏರಿ ಬರುವ ನಂಜು, ಕಷ್ಟದ ಹೆರಿಗೆ, ಕಡಿಮೆ ತೂಕದ ಮಗು, ಹೀಗೆ ಅಪಾಯಗಳ ಸಾಲೇ ಇದೆ.

ನಮ್ಮ ಕಡೆ ಓದು ನಿಲ್ಲುವುದು ಹೆಚ್ಚಾಗಿ ಈ ಹೈಸ್ಕೂಲು ಹಂತದಲ್ಲೇ. ಮೊದಲ ಮುಟ್ಟು, ದೂರದ ದಾರಿ, ಕಾಫಿ ಕೊಯ್ಲಿನ ಕಾಲದಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಜವಾಬ್ದಾರಿ, ಇವೆಲ್ಲ ಒಟ್ಟಿಗೆ ಬರುತ್ತವೆ. ಕಡ್ಡಾಯ ಶಿಕ್ಷಣದ ಕಾನೂನೂ 14 ವರ್ಷಕ್ಕೇ ಕೈಬಿಡುತ್ತದೆ. ಮೊದಲು ವಾರಕ್ಕೊಂದು ದಿನ ರಜೆ. ಆಮೇಲೆ ತಿಂಗಳಿಗೆ ಒಂದು ವಾರ. ಕೊನೆಗೆ ಹೆಸರೇ ಇಲ್ಲ. ಜಗಳವಿಲ್ಲದೆ, ಯಾರೂ ನಿರ್ಧರಿಸದೆ ಓದು ನಿಂತುಹೋಗಿರುತ್ತದೆ.

ಕನ್ಯಾಸ್ತ್ರೀಯರ ಶಾಲೆಗಳು

ಈ ತೊಂದರೆಗೆ ನಮ್ಮ ಘಟ್ಟದ ಕೆಳಗಿನ ಮಂಗಳೂರು ಬಹಳ ಹಿಂದೆಯೇ ಒಂದು ಉತ್ತರ ಕಂಡಿತ್ತು. 1868ರಲ್ಲಿ ಫ್ರಾನ್ಸಿನಲ್ಲಿ ಮದರ್ ವೆರೋನಿಕಾ ಅವರು ಸ್ಥಾಪಿಸಿದ ಅಪೊಸ್ತಲಿಕ್ ಕಾರ್ಮೆಲ್ ಸಂಸ್ಥೆಯ ಕನ್ಯಾಸ್ತ್ರೀಯರು 1870ರಲ್ಲಿ ಮಂಗಳೂರಿಗೆ ಬಂದಿಳಿದರು. ಅವರ ಮುಖ್ಯ ಕೆಲಸವೇ ಹೆಣ್ಣುಮಕ್ಕಳಿಗೆ ಪಾಠ. ಸೇಂಟ್ ಆನ್ಸ್ ಶಾಲೆ ಹೀಗೆ ಬೆಳೆಯಿತು. 1921ರಲ್ಲಿ ಅದೇ ಸಂಸ್ಥೆ ಸೇಂಟ್ ಆಗ್ನೆಸ್ ಮಹಿಳಾ ಕಾಲೇಜನ್ನು ತೆರೆಯಿತು. ಅದೇ ವರ್ಷ ಮಂಗಳೂರಿನ ಬೆಂದೂರಿನಲ್ಲಿ ಫಾದರ್ ರೇಮಂಡ್ ಮಸ್ಕರೇನ್ಹಸ್ ಅವರು ಬೆಥನಿ ಸಂಸ್ಥೆಯನ್ನು ಆರಂಭಿಸಿದರು. ಹಳ್ಳಿಯ ಹೆಣ್ಣುಮಕ್ಕಳ ಶಿಕ್ಷಣ ಅದರ ಗುರಿಯಾಗಿತ್ತು. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು 1854ರಿಂದ ಸೇಕ್ರೆಡ್ ಹಾರ್ಟ್ ಹೆಣ್ಣುಮಕ್ಕಳ ಶಾಲೆಯನ್ನು ನಡೆಸಿಕೊಂಡು ಬಂದರು. ಅದೇ ಸಂಸ್ಥೆಯವರು 1886ರಲ್ಲಿ ಸೇಂಟ್ ಮಾರ್ತಾಸ್ ಆಸ್ಪತ್ರೆಯನ್ನೂ ಆರಂಭಿಸಿದರು.

ಒಂದು ಸಂಗತಿ ಗಮನಿಸಿ. ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ. ಅದೂ ಹುಡುಗಿಯ ವಯಸ್ಸನ್ನು 14ಕ್ಕೆ ನಿಗದಿ ಮಾಡಿತ್ತು. ಅದು 18 ಆದದ್ದು 1978ರಲ್ಲಿ. ಕಾನೂನು ಇನ್ನೂ ಬಾರದ ಕಾಲದಲ್ಲಿ ಹದಿಮೂರು ಹದಿನಾಲ್ಕರ ಹುಡುಗಿಯರು ಪುಸ್ತಕ ಹಿಡಿದು ಕೂರಲು ಒಂದು ಜಾಗವಿತ್ತು ಎಂಬುದೇ ದೊಡ್ಡ ಮಾತು. ತಂದೆ ತಾಯಿಯರು ಮಗಳನ್ನು ಕಳಿಸಲು ಒಪ್ಪಿದ್ದಕ್ಕೆ ಪಾಠ ಹೇಳುವವರೂ ಹೆಂಗಸರು, ಪಕ್ಕದಲ್ಲಿ ಕೂರುವವರೂ ಹುಡುಗಿಯರು ಎಂಬ ಭರವಸೆಯೂ ಒಂದು ಕಾರಣ. ಆ ಭರವಸೆಯ ಬೆಲೆ ನಮ್ಮ ಬೆಟ್ಟದ ಊರುಗಳಲ್ಲಿ ಇಂದಿಗೂ ಕಡಿಮೆಯಾಗಿಲ್ಲ. ಚಿಕ್ಕಮಗಳೂರಿನಲ್ಲಿ ಓದಲಿ, ಚಾರ್ಮಾಡಿ ಇಳಿದು ಕರಾವಳಿಯ ಹಾಸ್ಟೆಲಿನಲ್ಲಿ ಓದಲಿ, "ಸಿಸ್ಟರ್‌ಗಳು ನೋಡ್ಕೋತಾರೆ" ಎಂಬ ಒಂದು ಮಾತಿನ ಮೇಲೆ ಮುಂದುವರಿದ ಓದುಗಳು ಎಷ್ಟೋ.

ವೈದ್ಯನ ಕಣ್ಣಿಗೆ ಕಾಣುವ ಲಾಭಗಳು

ಇಂಥ ಒಂದು ಶಾಲೆ ಚೆನ್ನಾಗಿ ನಡೆಯುತ್ತಿದ್ದರೆ ಹುಡುಗಿಯ ಆರೋಗ್ಯಕ್ಕೆ ಏನು ಸಿಗುತ್ತದೆ?

ಮೊದಲನೆಯದು ಶೌಚಾಲಯ. ನಗಬೇಡಿ. ಶಾಲೆಯಲ್ಲಿ ಶೌಚಾಲಯ ಸರಿಯಿಲ್ಲವೆಂದು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರೇ ಕುಡಿಯದ ಹುಡುಗಿಯರು ನಮ್ಮಲ್ಲಿ ಬಹಳ. ಮೂತ್ರ ಕಟ್ಟಿಕೊಂಡು ಕೂರುವುದರಿಂದ ಮೂತ್ರನಾಳದ ಸೋಂಕು, ಉರಿ, ಹೊಟ್ಟೆನೋವು ಬರುತ್ತವೆ. ನೀರು ಕಡಿಮೆಯಾಗಿ ತಲೆನೋವು, ಮಲಬದ್ಧತೆ ಕಾಡುತ್ತವೆ. ಹುಡುಗಿಯರಿಗೆಂದೇ ಕಟ್ಟಿದ ಶಾಲೆಯಲ್ಲಿ ಒಳಗೆ ಚಿಲಕವಿರುವ, ನೀರಿರುವ ಶೌಚಾಲಯ ಸಾಕಷ್ಟಿರುವ ಸಂಭವ ಹೆಚ್ಚು.

ಎರಡನೆಯದು ಮುಟ್ಟಿನ ದಿನಗಳು. ತರಗತಿಯಲ್ಲಿ ಲಂಗಕ್ಕೆ ಕಲೆಯಾದರೆ ಹುಡುಗರ ಮುಂದೆ ಏಳಲಾರದೆ ಕೂತು, ಮರುದಿನದಿಂದ ಶಾಲೆಗೇ ಹೋಗೆನೆಂದು ಹಟ ಹಿಡಿದ ಮಕ್ಕಳಿದ್ದಾರೆ. ಅಕ್ಕಪಕ್ಕ ಹುಡುಗಿಯರೇ ಇದ್ದು, ಹೇಳಿಕೊಳ್ಳಲು ಒಬ್ಬ ಟೀಚರಮ್ಮ ಇದ್ದು, ಕಪಾಟಿನಲ್ಲಿ ಒಂದು ಪ್ಯಾಡ್ ಇದ್ದರೆ ಅದು ಐದು ನಿಮಿಷದ ತೊಂದರೆ ಅಷ್ಟೇ.

ಮೂರನೆಯದು ಆಟ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ 60 ನಿಮಿಷದ ದೇಹಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೈನೆರೆದ ಮೇಲೆ ಹುಡುಗಿ ಓಡುವುದನ್ನು ನಿಲ್ಲಿಸುತ್ತಾಳೆ. ಯಾರಾದರೂ ನೋಡುತ್ತಾರೆಂಬ ಸಂಕೋಚ. ಆದರೆ ಹೆಣ್ಣಿನ ಮೂಳೆಯ ಬಲದ ಬಹುಪಾಲು 18 ವರ್ಷದೊಳಗೇ ಕೂಡಿಬರುತ್ತದೆ. ಆಗ ಜಮೆಯಾಗದ್ದು ಅರವತ್ತರಲ್ಲಿ ಸೊಂಟದ ಮೂಳೆ ಮುರಿತವಾಗಿ ಕಾಣಿಸೀತು. ಥ್ರೋಬಾಲ್, ಕಬಡ್ಡಿ, ಖೋಖೋ ಆಡಲು ಹಿಂಜರಿಯದ ಮೈದಾನವೂ ಒಂದು ಔಷಧವೇ.

ನಾಲ್ಕನೆಯದು ಬಾಯಿ ಬಿಡುವ ಧೈರ್ಯ. ಹುಡುಗಿಯರ ಶಾಲೆಯಲ್ಲಿ ತರಗತಿಯ ನಾಯಕಿ, ಆಟದ ನಾಯಕಿ, ವಿಜ್ಞಾನ ಪ್ರಯೋಗ ಮಾಡುವವಳು, ಮೈಕಿನ ಮುಂದೆ ನಿಲ್ಲುವವಳು, ಎಲ್ಲರೂ ಹುಡುಗಿಯರೇ. ಪ್ರಶ್ನೆ ಕೇಳಿ ರೂಢಿಯಾದ ಹುಡುಗಿ ಮುಂದೆ ವೈದ್ಯರ ಬಳಿ ತನ್ನ ತೊಂದರೆಯನ್ನು ತಾನೇ ಹೇಳುತ್ತಾಳೆ. ಇಂದಿಗೂ ನನ್ನ ಮುಂದೆ ಕುಳಿತ ಅನೇಕ ಹೆಂಗಸರ ರೋಗವನ್ನು ಅವರ ಗಂಡಂದಿರೇ ವಿವರಿಸುತ್ತಾರೆ. ಬಿಳಿಸೆರಗು, ಎದೆಯಲ್ಲಿ ಗಂಟು ಮುಂತಾದವು ತಡವಾಗಿ ತಿಳಿಯುವುದಕ್ಕೆ ಈ ಮೌನವೂ ಒಂದು ಕಾರಣ.

ಸಂಶೋಧನೆ ಏನು ಹೇಳುತ್ತದೆ?

ಇಲ್ಲಿ ಸ್ವಲ್ಪ ಎಚ್ಚರದಿಂದ ಓದಿ. ಅಮೆರಿಕದ 75 ಕ್ಯಾಥೊಲಿಕ್ ಹೈಸ್ಕೂಲುಗಳ ಮಕ್ಕಳನ್ನು ಹೋಲಿಸಿದ ಅಧ್ಯಯನವೊಂದು 1986ರಲ್ಲಿ ಪ್ರಕಟವಾಯಿತು. ಸಹಶಿಕ್ಷಣದ ಶಾಲೆಯವರಿಗಿಂತ ಹುಡುಗಿಯರ ಶಾಲೆಯವರು ಓದಿನಲ್ಲೂ ಗುರಿಯಲ್ಲೂ ಮುಂದಿದ್ದಾರೆ ಎಂದು ಅದು ಹೇಳಿತು. ಮೂರು ವರ್ಷಗಳ ನಂತರ ಇನ್ನೊಬ್ಬ ಸಂಶೋಧಕರು, ಆ ಹುಡುಗಿಯರು ಶಾಲೆಗೆ ಸೇರುವಾಗಲೇ ಮುಂದಿದ್ದರು, ಅದನ್ನು ಕಳೆದರೆ ಅಂತರ ಹೆಚ್ಚೇನೂ ಉಳಿಯದು ಎಂದರು. ದಕ್ಷಿಣ ಕೊರಿಯಾದ ಸಿಯೋಲ್ ನಗರದಲ್ಲಿ ಮಕ್ಕಳನ್ನು ಲಾಟರಿಯ ಮೂಲಕ ಹೈಸ್ಕೂಲುಗಳಿಗೆ ಹಂಚುವ ಪದ್ಧತಿಯಿತ್ತು. ಅಲ್ಲಿನ 2013ರ ಅಧ್ಯಯನದಲ್ಲಿ ಹುಡುಗಿಯರದೇ ಆದ ಶಾಲೆಗಳಿಗೆ ಸ್ವಲ್ಪ ಲಾಭ ಕಂಡುಬಂತು. ಆದರೆ 21 ದೇಶಗಳ 184 ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆ, ಸರಿಯಾದ ಹೋಲಿಕೆ ಮಾಡಿದಾಗ ವ್ಯತ್ಯಾಸ ತೀರ ಕಡಿಮೆ ಎಂದು ತೀರ್ಮಾನಿಸಿತು.

ಇದರಿಂದ ನಾವು ತಿಳಿಯಬೇಕಾದದ್ದೇನು? ಹುಡುಗರಿಲ್ಲದ ತರಗತಿಯಲ್ಲಿ ಮಾಂತ್ರಿಕ ಶಕ್ತಿಯೇನೂ ಇಲ್ಲ. ಶಾಲೆಯ ಹೆಸರಿನ ಮುಂದಿರುವ "ಸೇಂಟ್" ಎಂಬ ಪದದಲ್ಲೂ ಇಲ್ಲ. ಶೌಚಾಲಯ, ಮೈದಾನ, ವಿಚಾರಿಸುವ ಹಿರಿಯ ಹೆಂಗಸು, ರಜೆ ಹಾಕಿದರೆ ಮನೆಗೆ ಹೇಳಿ ಕಳಿಸುವ ಶಿಸ್ತು, ಇವೇ ಲಾಭ ಕೊಡುವುದು. ಕನ್ಯಾಸ್ತ್ರೀಯರ ಒಳ್ಳೆಯ ಶಾಲೆಗಳಲ್ಲಿ ಇವು ಒಟ್ಟಿಗೆ ಸಿಗುತ್ತವೆ. ಬೇರೆಡೆ ನಾವು ಕೇಳಿ ಪಡೆಯಬೇಕಾಗುತ್ತದೆ.

ಪಾಲಕರ ಕೆಲವು ಸಂದೇಹಗಳು

"ಹುಡುಗಿಯರ ಮಧ್ಯೆಯೇ ಬೆಳೆದರೆ ಮುಂದೆ ಕಾಲೇಜಿನಲ್ಲಿ ಹೆದರುವುದಿಲ್ಲವೇ?" ಮೊದಲ ಕೆಲವು ವಾರ ಸಂಕೋಚವಿರಬಹುದು. ಮನೆಯಲ್ಲಿ ಅಣ್ಣ ತಮ್ಮಂದಿರು, ನೆಂಟರ ಹುಡುಗರೊಡನೆ ಸಹಜವಾಗಿ ಮಾತನಾಡಲು ಬಿಟ್ಟರೆ ಈ ತೊಂದರೆ ಉಳಿಯದು.

"ಧರ್ಮದ ಪಾಠಕ್ಕೆ ಕೂರಿಸುತ್ತಾರೆಯೇ?" ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಸೇರಿಸುವಾಗಲೇ ಕೇಳಿ ತಿಳಿದುಕೊಳ್ಳಿ.

"ಹುಡುಗಿಯರ ಶಾಲೆಯಾದರೆ ಚಿಂತೆಯೇ ಇಲ್ಲ ಅಲ್ಲವೇ?" ಇದು ತಪ್ಪು ಕಲ್ಪನೆ. ಬಣ್ಣ, ತೂಕ, ಬಟ್ಟೆ, ಅಂಕಗಳ ಹೋಲಿಕೆ ಹುಡುಗಿಯರ ನಡುವೆಯೂ ನಡೆಯುತ್ತದೆ. ಗೇಲಿಗೆ ಹೆದರಿ ಊಟ ಬಿಡುವವರಿದ್ದಾರೆ. ಅತಿಯಾದ ಶಿಸ್ತಿರುವ ಕಡೆ ದೇಹದ ಬಗ್ಗೆ ಮಾತೇ ಆಡದ ಮೌನವೂ ಇರಬಹುದು. ಹಾಸ್ಟೆಲ್ ಆದರೆ ಹೇನು, ಕಜ್ಜಿ, ಕಾಮಾಲೆ ಒಬ್ಬರಿಂದ ಒಬ್ಬರಿಗೆ ಹರಡುತ್ತವೆ. ಮನೆಯ ನೆನಪಿನಿಂದ ನಿದ್ರೆಗೆಟ್ಟ ಮಗುವಿನ ಹೊಟ್ಟೆನೋವು ನಿಜವಾದ ನೋವೇ. ಅದನ್ನು ನಾಟಕ ಎನ್ನಬೇಡಿ.

ಸೇರಿಸುವ ಮುನ್ನ ಇವನ್ನು ನೋಡಿ

1. ಶೌಚಾಲಯಕ್ಕೆ ನೀವೇ ಹೋಗಿ ನೋಡಿ. ಚಿಲಕ, ನೀರು, ಸಾಬೂನು, ಪ್ಯಾಡ್ ಎಸೆಯಲು ಮುಚ್ಚಳದ ಡಬ್ಬ ಇದೆಯೇ?

2. ಕುಡಿಯುವ ನೀರು ಕುದಿಸಿದ್ದೋ, ಶುದ್ಧೀಕರಿಸಿದ್ದೋ ಕೇಳಿ.

3. ಆಟದ ಅವಧಿಯಲ್ಲಿ ನಿಜಕ್ಕೂ ಆಡಿಸುತ್ತಾರೆಯೇ? ಎಸ್ಸೆಸ್ಸೆಲ್ಸಿ ಬಂತೆಂದು ಅದನ್ನು ಗಣಿತಕ್ಕೆ ಕೊಟ್ಟುಬಿಡುತ್ತಾರೆಯೇ?

4. ಮೈಗೆ ಹುಷಾರಿಲ್ಲದಿದ್ದರೆ ಯಾರಿಗೆ ಹೇಳಬೇಕು ಎಂಬುದು ಪ್ರತಿ ಹುಡುಗಿಗೂ ಗೊತ್ತಿದೆಯೇ?

5. ಹಾಸ್ಟೆಲ್ ಆದರೆ ಮಗಳು ವಾರಕ್ಕೊಮ್ಮೆಯಾದರೂ ನಿಮ್ಮೊಡನೆ ಖಾಸಗಿಯಾಗಿ ಮಾತನಾಡುವಂತಿರಬೇಕು. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಘಾಟಿ ಕುಸಿದು ದಾರಿ ಮುಚ್ಚಿದ್ದು ನೆನಪಿದೆಯಲ್ಲ? ಅಂಥ ಸಮಯದಲ್ಲಿ ಮಗುವನ್ನು ನೋಡಿಕೊಳ್ಳುವ ಹತ್ತಿರದ ಪರಿಚಿತರೊಬ್ಬರು ಇರಲಿ.

6. ಯಾರಾದರೂ ಕೆಟ್ಟದಾಗಿ ಮುಟ್ಟಿದರೆ, ಅವರು ಎಷ್ಟೇ ದೊಡ್ಡವರಾಗಿರಲಿ, ಮನೆಗೆ ಹೇಳಬೇಕೆಂದು ಮಗಳಿಗೆ ಮೊದಲೇ ತಿಳಿಸಿ. ಮಕ್ಕಳ ಸಹಾಯವಾಣಿ 1098.

ಯಾವ ಶಾಲೆಯಾದರೂ ಮನೆಯಲ್ಲಿ ಮಾಡಬೇಕಾದದ್ದು

ಈ ವಯಸ್ಸಿನ ಹುಡುಗಿಯ ದೊಡ್ಡ ಶತ್ರು ರಕ್ತಹೀನತೆ. 2019-21ರ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡ 59 ಮಂದಿಗೆ ರಕ್ತಹೀನತೆ ಇತ್ತು. ಹಿಮೊಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆಯಿದ್ದರೆ ಕೊರತೆಯಿದೆ ಎಂದರ್ಥ. ಆಯಾಸ, ಮೆಟ್ಟಿಲೇರಿದರೆ ಏದುಸಿರು, ಪಾಠದಲ್ಲಿ ಮನಸ್ಸು ನಿಲ್ಲದಿರುವುದು ಇದರ ಲಕ್ಷಣಗಳು. "ಸೋಮಾರಿ" ಎಂದು ಬೈಸಿಕೊಳ್ಳುವ ಎಷ್ಟೋ ಹುಡುಗಿಯರಿಗೆ ನಿಜವಾಗಿ ಬೇಕಾದದ್ದು ಕಬ್ಬಿಣಾಂಶ.

ನಮ್ಮದು ಕಾಫಿ ಸೀಮೆ. ಊಟ ತಿಂಡಿಯ ಜೊತೆಗೇ ಕಾಫಿ ಕುಡಿಯುವ ರೂಢಿ. ಕಾಫಿ, ಚಹಾ ಎರಡೂ ಆಹಾರದಲ್ಲಿನ ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನು ಗಣನೀಯವಾಗಿ ತಡೆಯುತ್ತವೆ. ಬೆಳೆಯುವ ಹುಡುಗಿಗೆ ಊಟಕ್ಕೂ ಕಾಫಿಗೂ ಎರಡು ಗಂಟೆ ಅಂತರವಿರಲಿ. ಬದಲಿಗೆ ಊಟದಲ್ಲಿ ನಿಂಬೆ ಅಥವಾ ನೆಲ್ಲಿಕಾಯಿ ಇರಲಿ. ಹುರುಳಿ, ಸೊಪ್ಪು, ರಾಗಿ, ತಿನ್ನುವವರಾದರೆ ಮೊಟ್ಟೆ, ಮೀನು, ಮಾಂಸ ಕೊಡಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನು ಎಸೆಯದೆ ನುಂಗುವಂತೆ ಹೇಳಿ. ಊಟವಾದ ಮೇಲೆ ತೆಗೆದುಕೊಂಡರೆ ಹೊಟ್ಟೆ ತೊಳಸುವುದು ಕಡಿಮೆ.

ತೋಟದ ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದರೆ ಕೊಕ್ಕೆಹುಳು ಕಾಲಿನ ಚರ್ಮದ ಮೂಲಕವೇ ಒಳಸೇರಿ ಕರುಳಲ್ಲಿ ರಕ್ತ ಹೀರುತ್ತದೆ. ಇಂಬಳ ಕಚ್ಚಿದ್ದು ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಚಪ್ಪಲಿ ಕಡ್ಡಾಯ. ಜಂತುಹುಳದ ಮಾತ್ರೆಯನ್ನು ಶಾಲೆಯಲ್ಲಿ ಕೊಟ್ಟಾಗ ತಪ್ಪಿಸಬೇಡಿ.

ಮುಟ್ಟಿಗೆ ಬಟ್ಟೆ ಬಳಸುವವರು ಸಾಬೂನಿನಲ್ಲಿ ಒಗೆದು ಬಿಸಿಲಿಗೆ ಒಣಗಿಸಬೇಕು. ಮಳೆಗಾಲದಲ್ಲಿ ಬಿಸಿಲೆಲ್ಲಿ ಎನ್ನುತ್ತೀರಾ? ಒಲೆಯ ಬಳಿ ಒಣಗಿಸಿ, ಬಿಸಿ ಇಸ್ತ್ರಿ ಹಾಕಿ. ಹಸಿ ಬಟ್ಟೆ ಬೇಡವೇ ಬೇಡ. ಮೊದಲ ಎರಡು ವರ್ಷ ಮುಟ್ಟು ಹಿಂದೆ ಮುಂದಾಗುವುದು ಸಹಜ. ಆದರೆ ಏಳು ದಿನಕ್ಕಿಂತ ಹೆಚ್ಚು ಸ್ರಾವವಾದರೆ, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾದರೆ, ನೋವಿಗಾಗಿ ಪ್ರತಿ ತಿಂಗಳೂ ಶಾಲೆ ತಪ್ಪುತ್ತಿದ್ದರೆ, ಅಥವಾ 15 ತುಂಬಿದರೂ ಋತುಮತಿಯಾಗದಿದ್ದರೆ ವೈದ್ಯರನ್ನು ಕಾಣಿ. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಗೆ ಅತ್ಯುತ್ತಮ ವಯಸ್ಸು 9ರಿಂದ 14. ಅದನ್ನೂ ವಿಚಾರಿಸಿ.

ಮಗಳು ಮಂಕಾಗಿ, ಊಟ ನಿದ್ರೆ ಬಿಟ್ಟು, "ಬದುಕೇ ಬೇಡ" ಎಂಬಂತೆ ಮಾತನಾಡಿದರೆ ತಮಾಷೆ ಎಂದುಕೊಳ್ಳಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತ ಸಲಹೆ ಸಿಗುತ್ತದೆ.

ಕಾನ್ವೆಂಟ್ ನಮ್ಮ ಕೈಗೆಟುಕದು ಎನ್ನುವವರಿಗೆ

ಜಾವಳಿ ಕಡೆಯ ಬಹುತೇಕ ಕುಟುಂಬಗಳಿಗೆ ದೂರದ ಶಾಲೆಯ ಶುಲ್ಕ, ಹಾಸ್ಟೆಲ್ ಖರ್ಚು ಭರಿಸಲಾಗದು. ಅದಕ್ಕಾಗಿ ಕೊರಗಬೇಡಿ, ಸಾಲವನ್ನೂ ಮಾಡಬೇಡಿ. ಮೊರಾರ್ಜಿ ದೇಸಾಯಿ ವಸತಿ ಶಾಲೆಯಂಥ ಸರ್ಕಾರಿ ವ್ಯವಸ್ಥೆಗಳಿವೆ, ಪ್ರವೇಶ ಪರೀಕ್ಷೆಯ ಬಗ್ಗೆ ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿ. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ 2023ರ ಜೂನಿನಿಂದ ಉಚಿತ ಪ್ರಯಾಣ ಬಂತು. ಆದರೆ ನಮ್ಮ ಅನೇಕ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಅದರಲ್ಲಿ ಇದು ನಡೆಯದು. ನಾಲ್ಕೈದು ಮನೆಯವರು ಸೇರಿ ಒಂದು ಜೀಪು ಗೊತ್ತುಮಾಡಬಹುದು. ಹುಡುಗಿಯರು ಗುಂಪಾಗಿ ನಡೆದು ಹೋಗುವಂತೆ ಸಮಯ ಹೊಂದಿಸಬಹುದು. ಚೀಲದಲ್ಲಿ ಒಣ ಕಾಲುಚೀಲ, ಒಂದು ಜೊತೆ ಬಟ್ಟೆ ಇಟ್ಟು ಕಳಿಸಿ.

ಊರಿನ ಸರ್ಕಾರಿ ಹೈಸ್ಕೂಲಿನ ಸಭೆಗೆ ಅಪ್ಪಂದಿರು ಮಾತ್ರ ಹೋಗುವುದು ಸಾಲದು, ತಾಯಂದಿರೂ ಹೋಗಿ. ಹುಡುಗಿಯರ ಶೌಚಾಲಯಕ್ಕೆ ಚಿಲಕ ಹಾಕಿಸಲು ಒಂದು ಚೀಲ ಕಾಫಿಯ ದುಡ್ಡೇನೂ ಬೇಡ. ಒಂದು ಕಪಾಟು, ಹತ್ತು ಪ್ಯಾಡ್, ವಾರಕ್ಕೆರಡು ದಿನ ಹುಡುಗಿಯರಿಗೇ ಮೀಸಲಾದ ಮೈದಾನ, ಸಂಕೋಚವಿಲ್ಲದೆ ಮಾತನಾಡಬಲ್ಲ ಒಬ್ಬ ಶಿಕ್ಷಕಿ ಅಥವಾ ಊರಿನ ಆಶಾ ಕಾರ್ಯಕರ್ತೆ. ಇಷ್ಟಾದರೆ ಒಳ್ಳೆಯ ಕನ್ಯಾಶಾಲೆಯ ಮುಕ್ಕಾಲು ಲಾಭ ನಿಮ್ಮ ಊರಲ್ಲೇ ಸಿಕ್ಕಂತೆ.

ಸೇಂಟ್ ಹೆಸರಿನ ಶಾಲೆಯಾಗಲಿ, ಸರ್ಕಾರಿ ಪ್ರೌಢಶಾಲೆಯಾಗಲಿ, ಹತ್ತನೇ ತರಗತಿ ಮುಗಿಯುವವರೆಗೆ ಮಗಳು ಶಾಲೆಯಲ್ಲಿ ಉಳಿಯಬೇಕು. ಈ ಕಾಫಿ ಕೊಯ್ಲಿನಲ್ಲಿ "ಒಂದು ವಾರ ಮನೆಯಲ್ಲಿರಲಿ, ಮಗು ನೋಡಿಕೊಳ್ಳಲಿ" ಎನ್ನುವ ಮಾತು ಬಾಯಿಗೆ ಬಂದರೆ ದಯವಿಟ್ಟು ಒಮ್ಮೆ ಯೋಚಿಸಿ. ಆ ಮೊದಲ ವಾರವನ್ನು ತಡೆಯುವುದು ನಿಮ್ಮ ಕೈಯಲ್ಲಿದೆ.